ನಮ್ಮ ಟಾಕಿಯ ನೀರು

ರೇಣುಕಾ, ನಿನ್ನ ಅತ್ತೆ ನೀಲವ್ವ ಸತ್ತದ್ದು ನಿನ್ನ ರೊಟ್ಟಿಯಿಂದಲ್ಲ, ನಮ್ಮ ಟಾಕಿಯ ನೀರಿನಿಂದ. ಅದರಲ್ಲಿ ಹೊಲಸು ಸೇರಿದೆ ಎಂದು ತಿಳಿದೂ ನಾನು ನಿನಗೆ ಎರಡು ಕೊಡ ತುಂಬಿಕೊಟ್ಟೆ.

ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಹಳ್ಳ ಉಕ್ಕಿ ಮೊರಬದ ನಮ್ಮ ಓಣಿಗೆ ನುಗ್ಗಿದ ದಿನ ಗಟಾರವೂ ಪಾಯಖಾನೆಯ ಗುಂಡಿಗಳೂ ಒಂದಾದವು. ಆ ನೀರು ನಮ್ಮ ಪಡಸಾಲೆಯಲ್ಲಿ ಮೊಣಕಾಲಮಟ ನಿಂತು, ಮರುದಿನ ಇಳಿಯಿತು. ನೆಲದಡಿಯ ಟಾಕಿಯ ಮೇಲಿನ ಪರಶಿಕಲ್ಲು ಸರಿಸಿ ನೋಡಿದೆ — ಮುಚ್ಚುವಾಗ ಬಾಯಿಗಿಂತ ಎರಡು ಗೇಣು ಕೆಳಗಿದ್ದ, ನಳದಿಂದ ತುಂಬಿಸಿದ ಕೆರೆನೀರು ಈಗ ಅಂಚಿಗೆ ಬಂದಿತ್ತು. ಮೇಲೆ ಕಂದು ಕೆನೆ. ವಾಸನೆ... ಅದನ್ನು ಬರೆಯಬೇಕಿಲ್ಲ, ನಿಮ್ಮ ಮನೆಯನ್ನು ತೊಳೆದವಳೂ ನೀನೇ.

"ಚೆಲ್ಲಿಬಿಡೂಣು," ಎಂದರು ನಮ್ಮ ಮನೆಯವರು.

"ಕುಡಿಯೂ ನೀರು ಚೆಲ್ತಾರೇನ್ರಿ?" ಎಂದೆ. ಬೋರಿನದು ಕುಡಿಯಲಾಗದ ಸವಳು ನೀರು, ನಳ ಮತ್ತೆ ಯಾವಾಗ ಬರುವುದೋ ಗೊತ್ತಿರಲಿಲ್ಲ. ಪಟಿಕ ಹಾಕಿ ತಿರುವಿದೆ. ಮಧ್ಯಾಹ್ನದ ಹೊತ್ತಿಗೆ ತಳ ಕಾಣುವಷ್ಟು ತಿಳಿಯಾಯಿತು. ಆದರೂ ನಾವು ಕಾಸಿಯೇ ಕುಡಿದೆವು. ಅಂದರೆ — ನನಗೆ ಗೊತ್ತಿತ್ತು.

ನೀನು ಕೊಡ ಹಿಡಿದು ಬಂದಾಗ ಬಾಗಿಲಲ್ಲಿ ಓಣಿಯ ನಾಲ್ಕು ಹೆಂಗಸರು ಮಾತಾಡುತ್ತ ನಿಂತಿದ್ದರು.

"ಕಾಕೂ, ನಿಮ್ಮ ಟಾಕಿ ನೀರು ಚಲೋ ಅದಾವೇನ್ರಿ?"

"ಅಗದಿ ಚಲೋ ಅದಾವು, ಒಯ್ಯಿ."

ಕಾಸಿ ಕುಡಿಯಿರಿ ಅನ್ನಬಹುದಿತ್ತು. ಅಂದಿದ್ದರೆ ಯಾಕೆಂದು ನೀನು ಕೇಳುತ್ತಿದ್ದೆ. ಯಾಕೆಂದು ಹೇಳಿದ್ದರೆ, ಇಡೀ ಓಣಿಗೆ ನೀರು ಕೊಡುವ ಮನೆಯ ಟಾಕಿಯೊಳಗೆ ಪಾಯಖಾನೆಯ ನೀರು ಹೊಕ್ಕಿದೆ ಎಂಬ ಮಾತು ಹಬ್ಬುತ್ತಿತ್ತು — ಅಷ್ಟಕ್ಕೆ ಹೆದರಿದೆ. ಅಷ್ಟೇ.

ಸಂಜೆ ನೀಲವ್ವ ಗೋಡೆಯಾಚೆಯಿಂದ ಕೂಗಿದಳು: "ಏ ಪಾರವ್ವಾ, ನೀರಿಗೆ ಸಕ್ಕರಿ ಹಾಕೀಯೇನ ಬೇ? ಎರಡು ತಂಬಿಗಿ ಕುಡದೆ ನೋಡು." ನಾನು ನಕ್ಕೆ. ಆಗಲೂ ಹೇಳಬಹುದಿತ್ತು...

ಮೂರನೆಯ ದಿನ ಅವಳಿಗೆ ವಾಂತಿಭೇದಿ. ನೀನೂ ನರಳಿದೆ, ನೀನು ಎದ್ದೆ. ಅವಳನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದರು, ಹೆಣ ತಂದರು.

ಮಣ್ಣು ಮಾಡಿ ಬಂದ ಮೇಲೆ ನಿನ್ನ ನಾದಿನಿ ಎಲ್ಲರೆದುರು ಅಂದಳು: "ಹೊಲಸು ನೀರಾಗ ತೊಯ್ದ ಹಿಟ್ಟಿನ ರೊಟ್ಟಿ ಹಾಕಿ ನಮ್ಮವ್ವನ್ನ ತಿಂದ್ಲು."

"ಹಿಟ್ಟು ಅಟ್ಟದ ಮ್ಯಾಲಿತ್ರಿ," ಎಂದು ನೀನು ನನ್ನ ಕಡೆ ನೋಡಿದೆ.

ನೀರು ಬರುವ ಮುಂಚೆ ಆ ಹಿಟ್ಟಿನ ಡಬ್ಬಿಯನ್ನು ಅಟ್ಟಕ್ಕೇರಿಸಲು ನಿನಗೆ ಕೈ ಹಚ್ಚಿದವಳು ನಾನು. ಅದನ್ನಾದರೂ ಹೇಳಬಹುದಿತ್ತು. ಹಿಟ್ಟು ಅಲ್ಲವೆಂದರೆ ಮತ್ತೇನು ಎಂದು ಯಾರಾದರೂ ಕೇಳಿಯಾರು — ಎಂದು ತಲೆ ತಗ್ಗಿಸಿದೆ. ಹದಿನೈದು ದಿನಕ್ಕೆ ನಿನ್ನನ್ನು ಕುಬಿಹಾಳದ ತವರಿಗೆ ಬಿಟ್ಟುಬಂದರು. ಐದು ವರ್ಷವಾಯಿತು. ಆ ಐದು ವರ್ಷವೂ ನಾನು ಓಣಿಯಲ್ಲಿ ತಲೆಯೆತ್ತಿ ನಡೆದೆ.

ನಿನ್ನೆ ನಿನ್ನ ಗಂಡನಿಗೆ ಎಲ್ಲ ಹೇಳಿದೆ. ಅವನು ಕೇಳಿದ: "ಅಕಿಗೆ ಯಾರು ಹೇಳೂರು, ಕಾಕೂ?"

ನಾನೇ ಹೇಳಬೇಕು. ಈ ಕಾಗದ ಮೊದಲು ಮುಟ್ಟಲಿ. ಸೋಮವಾರ ನಾನು ಬರುತ್ತೇನೆ. ಬಾಗಿಲು ತೆರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ತೆರೆಯದಿದ್ದರೆ ಅಂಗಳದಲ್ಲೇ ನಿಂತು, ನಿಮ್ಮೂರಿನವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಅಲ್ಲಿಂದ ನೇರ ನಿನ್ನ ನಾದಿನಿಯ ಮನೆಗೆ ಇದನ್ನೇ ಹೇಳಲು ಹೋಗುತ್ತೇನೆ.