ಅವ್ವನ ಹಣೆಯ ರೂಪಾಯಿ

ಈರೋಡಿನ ಕಲ್ಯಾಣ ಮಂಟಪವೊಂದರಲ್ಲಿ ಹಳೆಯ ನಾಣ್ಯಗಳ ಪ್ರದರ್ಶನವಿದ್ದ ಭಾನುವಾರ ತಾಳವಾಡಿ ಹತ್ತಿರದ ಪಣಕಹಳ್ಳಿಯ ವೃಷಭೇಂದ್ರ ಮೊದಲ ಬಸ್ಸಿಗೇ ಬೆಟ್ಟ ಇಳಿದಿದ್ದ. ಎಲೆಕೋಸು, ಜೋಳ ಬೆಳೆದುಕೊಂಡಿರುವ ಸಾಧಾರಣ ರೈತ ಅವನು. ಬೇರೆ ಯಾವ ಚಟವೂ ಇಲ್ಲ. ಆದರೆ ನಾಣ್ಯವೆಂದರೆ ಊಟ ಮರೆಯುತ್ತಿದ್ದ. ಅಂಗಿಯ ಒಳಜೇಬಿನಲ್ಲಿ, ಹತ್ತಿಯಲ್ಲಿ ಸುತ್ತಿದ ತಾಮ್ರದ ಆನೆ ಕಾಸು ಇತ್ತು. ಟಿಪ್ಪುವಿನ ಕಾಲದ್ದು, ಸೊಂಡಿಲಿನಿಂದ ಬಾಲದವರೆಗೆ ಎಲ್ಲೂ ಸವೆದಿಲ್ಲ. ಅದನ್ನು ಮಾರುವ ಯೋಚನೆ ಅವನಿಗಿರಲಿಲ್ಲ. ನಾಲ್ಕು ಜನ ತಿಳಿದವರಿಗೆ ತೋರಿಸಿ ಸಂತೋಷಪಡಬೇಕು, ಅಷ್ಟೆ.

ಮಂಟಪದ ತುಂಬ ಮೇಜುಗಳು. ವೃಷಭೇಂದ್ರ ಒಂದೊಂದೇ ಮೇಜು ನೋಡುತ್ತ ಸತ್ಯಮಂಗಲದ ವ್ಯಾಪಾರಿ ಮುರುಗನ್ ಹತ್ತಿರ ಬಂದ. ಅಲ್ಲೊಂದು ತಟ್ಟೆಯಲ್ಲಿ ರಾಣಿಯ ತಲೆಯಿದ್ದ ಬೆಳ್ಳಿ ರೂಪಾಯಿಗಳನ್ನು ಸುರಿದಿದ್ದರು. ಸುಮ್ಮನೆ ಒಂದನ್ನು ಎತ್ತಿಕೊಂಡು ಹಿಂದುಮುಂದು ತಿರುಗಿಸಿದ.

ರೂಪಾಯಿಯ ನೆತ್ತಿಯಲ್ಲಿ ದಾರ ಪೋಣಿಸುವ ಕೊಂಡಿ ಕಿತ್ತುಹೋದ ಬೆಸುಗೆಯ ಗಂಟು. ಹಿಂಬದಿಯಲ್ಲಿ, ಎಲೆಬಳ್ಳಿಯ ನಡುವೆ, ದಬ್ಬಣದಲ್ಲಿ ಗೀಚಿದ ಸೊಟ್ಟ ಅಕ್ಷರ: ವೃ.

ಗೀಚಿದವನು ಅವನೇ. ಚಿಕ್ಕವನಿದ್ದಾಗ ಜ್ವರ ಬಂದು ಹಾಸಿಗೆ ಹಿಡಿದವನನ್ನು ಸಮಾಧಾನ ಮಾಡಲು ಅವ್ವ ಪುಟ್ಟಮಲ್ಲಮ್ಮ ತನ್ನ ಕೊರಳಿನ ರೂಪಾಯಿ ಬಿಚ್ಚಿ ಕೊಟ್ಟಿದ್ದಳು. ಅಕ್ಷರ ಕೆತ್ತಿದ್ದಕ್ಕೆ ಬೈಯಲಿಲ್ಲ. ಆ ಮಗ್ಗುಲನ್ನೇ ಎದೆಗೆ ತಾಗುವಂತೆ ಕಟ್ಟಿಕೊಂಡು ಬದುಕು ಕಳೆದಳು. ನಾಲ್ಕು ವರ್ಷದ ಹಿಂದೆ ತೀರಿಕೊಂಡಾಗ, ಹಣೆಯ ವಿಭೂತಿಯ ಮೇಲೆ ಅದನ್ನು ಅಂಟಿಸಿದವನೂ ಇವನೇ. ಸಮಾಧಿಗೆ ಮೂರು ಹಿಡಿ ಮಣ್ಣು ಹಾಕಿ, ಹಿರಿಯರು ಹೇಳಿದಂತೆ ತಿರುಗಿ ನೋಡದೆ ನಡೆದುಬಂದಿದ್ದ.

ಮಣ್ಣಿನೊಳಗೆ ಇರಬೇಕಾದ ರೂಪಾಯಿ ಈಗ ಅವನ ಅಂಗೈಯಲ್ಲಿತ್ತು.

"ಇದು ಎಲ್ಲಿಂದ ಬಂತಣ್ಣಾ?" ಎಂದು ತಮಿಳಿನಲ್ಲಿ ಕೇಳಿದ.

"ಮಲೆ ಮೇಲಿಂದ. ತಾಳವಾಡಿ ಕಡೆಯ ಒಬ್ಬ ಮುದುಕ ತಂದುಕೊಟ್ಟ," ಎಂದ ಮುರುಗನ್. "ಎಡಗೈಯಲ್ಲಿ ಎರಡು ಬೆರಳಿಲ್ಲ ಅವನಿಗೆ. ಯಾರೋ ಗೀಚಿ ಕೆಡಿಸಿದ್ದಾರೆ ನೋಡಿ, ಅದು ಬೇಡ. ಬೇರೆ ತೆಗೆದುಕೊಳ್ಳಿ."

ಎರಡು ಬೆರಳಿಲ್ಲದ ಮುದುಕ ಪಣಕಹಳ್ಳಿಯಲ್ಲಿ ಒಬ್ಬನೇ. ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಕೊಟ್ಟ ಪುಟ್ಟಮಾದ. ವೃಷಭೇಂದ್ರನ ಹೊಲದಲ್ಲೇ ಕೂಲಿ ಮಾಡುವವನು. ಅವ್ವನ ಗುಣಿ ತೋಡಿದವನೂ ಅವನೇ.

ವೃಷಭೇಂದ್ರ ಒಳಜೇಬಿನಿಂದ ಆನೆ ಕಾಸು ತೆಗೆದು ಮೇಜಿನ ಮೇಲಿಟ್ಟ. "ಇದು ಇಟ್ಟುಕೊಳ್ಳಿ. ಅದು ಕೊಡಿ." ಮುರುಗನ್ ಎರಡೆರಡು ಸಲ ಅವನ ಮುಖ ನೋಡಿದ. ಆಮೇಲೆ, ಎಲ್ಲಿ ಮನಸ್ಸು ಬದಲಿಸುತ್ತಾನೋ ಎಂಬಂತೆ, ಬೇಗನೆ ಆನೆಯನ್ನು ಒಳಗಿಟ್ಟ.

ವಾಪಸು ಬರುವಾಗ ದಿಂಬಂ ಘಾಟಿಯ ತಿರುವಿನಲ್ಲಿ ಲಾರಿಯೊಂದು ಸಿಕ್ಕಿಬಿದ್ದು ಬಸ್ಸು ನಿಂತಿತು. ಜನ ಇಳಿದು ಗಾಳಿಗೆ ನಿಂತರು. ವೃಷಭೇಂದ್ರ ಸೀಟು ಬಿಟ್ಟು ಏಳಲಿಲ್ಲ. ಮುಷ್ಟಿಯೊಳಗಿನ ರೂಪಾಯಿ ಬೆವರಿಗೆ ಒದ್ದೆಯಾಗಿತ್ತು. ಯಾವಾಗ ಅಗೆದಿರಬಹುದು? ಮುಚ್ಚಿದ ವಾರಕ್ಕೋ, ಈ ಬೇಸಿಗೆಯಲ್ಲೋ? ಅವ್ವನನ್ನು ಯಾವ ಸ್ಥಿತಿಯಲ್ಲಿ ಕಂಡಿರಬಹುದು? ಮರುದಿನ ಬೆಳಗ್ಗೆ ಏನೂ ಆಗದವನಂತೆ ಬಂದು ತನ್ನ ಮನೆಯ ಕಾಫಿ ಕುಡಿದನಲ್ಲ!

ಊರಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಮನೆಗೆ ಹೋಗದೆ ನೇರ ಹೊಲದ ಮೂಲೆಯ ಸಮಾಧಿಗೆ ನಡೆದ. ದಿಬ್ಬದ ಒಂದು ಬದಿಗೆ ಮುಳ್ಳಿನ ಕೊಂಬೆಗಳನ್ನು ಒತ್ತೊತ್ತಾಗಿ ಹೊದಿಸಿದ್ದರು. ಕೈ ತರಚಿದರೂ ಎಳೆದು ಹಾಕಿದ. ಕೆಳಗೆ ತೋಳುದ್ದದ ಗುಂಡಿ, ಸಡಿಲ ಮಣ್ಣು.

ಆಮೇಲೆ ಅವನು ನಡೆದನೋ ಓಡಿದನೋ ಅವನಿಗೇ ನೆನಪಿಲ್ಲ. ಪುಟ್ಟಮಾದ ಮನೆ ಮುಂದೆ ಕೂತು ಗುದ್ದಲಿಗೆ ಕಾವು ಹಾಕುತ್ತಿದ್ದ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ್ದ ಅವನ ಹೆಂಡತಿ ದೊಡ್ಡಮಾದಮ್ಮ ಬಾಗಿಲಲ್ಲಿದ್ದಳು.

"ನಮ್ಮವ್ವನ ಗುಣಿ ಅಗದ್ಯೇನ್ಲಾ?"

ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ಬಂದು ನಿಂತರು.

"ಏನಂದ್ರಿ ಬುದ್ದಿ?" ಪುಟ್ಟಮಾದ ಎದ್ದ. ಗುದ್ದಲಿ ಕೈಯಲ್ಲೇ ಇತ್ತು.

ವೃಷಭೇಂದ್ರ ರೂಪಾಯಿ ಹಿಡಿದು ತೋರಿಸಿದ. "ಇದ ಮಾರ್ದವ ನೀನಲ್ವಾ? ಎಣದ ಅಣ ಮ್ಯಾಲಿದ್ದುದ್ದು ನಿನ್ ಕೈಗ ಎಂಗ್ ಬಂತು? ಅಗದು, ಮುಳ್ ಮುಚ್ಬುಟ್ಟಿದ್ದೀಯ!"

"ಮುಳ್ಳು ಮುಚ್ದವ ನಾನೇ," ಎಂದ ಪುಟ್ಟಮಾದ. "ಕಾಡಂದಿ ಬಂದು ಕೆದರ್ತಾ ಅದ. ನಿಮಗ ಏಳ್ದೆ, ನೀವು ಕಿವೀಗ್ ಆಕ್ಕಳ್ನಿಲ್ಲ. ಅಮ್ಮಾವ್ರ ಮಣ್ಣು ಅಂತ ನಾನೇ ಮುಳ್ ಕಡ್ದು ಆಕ್ದೆ. ರೂಪಾಯ್ನ ನಿಮ್ಮ ಸೋದರಮಾವ್ನೇ ಕೈಗ ಕೊಟ್ರು. ಪೋನ್ ಮಾಡಿ. ಎಲ್ರೂ ಕೇಳೋ ಅಂಗೇ ಮಾಡಿ."

ಗುಮಟಾಪುರದ ಮಾವ ಶಿವಶಂಕರಪ್ಪನಿಗೆ ಫೋನು ಹೋಯಿತು. ಗಂಟೆ ಬಾರಿಸುತ್ತಲೇ ಇತ್ತು. ಇಡೀ ಬೀದಿ ಆ ಶಬ್ದವನ್ನೇ ಕೇಳುತ್ತಿತ್ತು. ಕೊನೆಗೂ ಮುದುಕ ಎತ್ತಿದ.

"ಅವ್ವನ ಅಣ ಮ್ಯಾಲಿನ ರೂಪಾಯಿ ಏನಾಯ್ತು ಮಾವ?"

"ಈಗ್ಯಾಕಪ್ಪ ಅದು? ಮಣ್ಣು ಮುಚ್ಚೋ ಮುಂಚ ನಾನೇ ತಗದು ಮಾದನ್ಗ ಕೊಟ್ಟೆ. ಗುಣಿ ತೋಡ್ದವ್ನಿಗ ಸೇರ್ಬೇಕಾದ್ದು ಅದು. ನೀನು ತಿರುಗ್ ನೋಡ್ದೆ ಒಂಟೋದಲ್ಲ, ನಿಂಗೆಂಗ ಗೊತ್ತಾದ್ದು?"

ವೃಷಭೇಂದ್ರ ಫೋನು ಇಟ್ಟ.

"ಇಷ್ಟ್ ದಿನ ದೇವ್ರ ಗೂಡಲ್ಲಿ ಮಡ್ಗಿದ್ದೊ," ಎಂದಳು ದೊಡ್ಡಮಾದಮ್ಮ. "ನನ್ ಕಣ್ಣು ಒಂಟೋಯ್ತದ ಅಂದಾಗ ಮಾರ್ದೊ. ನಿಮ್ಮವ್ವ ಇದ್ದಿದ್ರ ಅವ್ರೇ ಮಾರು ಅಂತಿದ್ರು. ನೀವು ನಮ್ಮನ್ನ ಎಣ ಕದಿಯೋರು ಅಂದ್ಬುಟ್ರಿ."

ವೃಷಭೇಂದ್ರ ರೂಪಾಯಿ ಕೊಡಲು ಹೋದ. ಪುಟ್ಟಮಾದ ಮುಟ್ಟಲಿಲ್ಲ. "ಓಗಿ ಬುದ್ದಿ," ಎಂದು ಕಾವು ಹಾಕಲು ಕೂತ.

ಆ ರಾತ್ರಿ ಹೆಂಡತಿ ರಂಜಿತ ಎಲ್ಲ ಕೇಳಿ, ಒಂದೇ ಮಾತು ಹೇಳಿದಳು: "ಬೀದೀಲಿ ಆಡಿದ್ದ ಬೀದೀಲೇ ನುಂಗ್ಬೇಕು ನೀವು."

ಬೆಳಗ್ಗೆ ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು. ಪುಟ್ಟಮಾದ ಬೆಂಚಿನ ತುದಿಯಲ್ಲಿದ್ದ. ವೃಷಭೇಂದ್ರ ಎಲ್ಲರೆದುರಿಗೆ ನಿಂತು, ತಪ್ಪು ತನ್ನದು, ರೂಪಾಯಿ ಮಾದ ನ್ಯಾಯವಾಗಿ ಪಡೆದದ್ದು ಎಂದು ಹೇಳಿದ. ಪುಟ್ಟಮಾದ ಟೀ ಮುಗಿಸುವವರೆಗೆ ತಲೆ ಎತ್ತಲಿಲ್ಲ.

"ಇಲ್ಲೇಳಿದ್ರಿ. ಸರಿ," ಎಂದ ಆಮೇಲೆ. "ನನ್ ಮನ ಬಾಗ್ಲಲ್ಲೂ ಏಳಿ. ಅಂದದ್ದು ಅಲ್ಲಿ."

ವೃಷಭೇಂದ್ರ ಅವನ ಹಿಂದೆಯೇ ನಡೆದ. ಆ ಬೀದಿಗೆ ಅವನು ಕೂಲಿಗೆ ಕರೆಯಲು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಹೋದವನಲ್ಲ. ನಿನ್ನೆ ನಿಂತಿದ್ದವರೇ ಇಂದೂ ಬಾಗಿಲುಗಳಲ್ಲಿ ನಿಂತಿದ್ದರು. ಅದೇ ಮಾತನ್ನು ಇನ್ನೊಮ್ಮೆ, ಈ ಸಲ ದೊಡ್ಡಮಾದಮ್ಮನ ಮುಂದೆ ಹೇಳಿದ. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸಲಿಲ್ಲ.

"ಕೇಳುಸ್ತು," ಎಂದಳು.

ಆ ಸಲ ವೃಷಭೇಂದ್ರನ ಹೊಲಕ್ಕೆ ಆ ಬೀದಿಯಿಂದ ಯಾರೂ ಕೂಲಿಗೆ ಬರಲಿಲ್ಲ; ಎಲೆಕೋಸನ್ನು ಅವನೂ ರಂಜಿತಳೂ ಇಬ್ಬರೇ ಕೊಯ್ದರು.