ಗೌರಿಗೆ ಅಜೀರ್ಣವಾದ ವಾರ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಅಂಧೇರಿಯ ವಾರ್ಡ್ ಆಫೀಸೊಂದರಲ್ಲಿ ಘನತ್ಯಾಜ್ಯ ವಿಭಾಗದ ಸಹಾಯಕ ಎಂಜಿನಿಯರ್ ಆಗಿದ್ದೆ. ಬೊರಿವಲಿಯಿಂದ ದಿನಾ ಲೋಕಲ್ ಹಿಡಿದು ಬರುವುದು, ಕಸದ ವಿಷಯಕ್ಕೆ ಊರವರಿಂದೆಲ್ಲ ಬೈಸಿಕೊಳ್ಳುವುದು, ಮರಳುವುದು. ಆ ವರ್ಷ ಪಾಲಿಕೆ ಹೊಸ ಯೋಜನೆಯೊಂದನ್ನು ತಂದಿತು. ಇಂಧನದ ಹೊಗೆಯನ್ನು ಕಡಿಮೆ ಮಾಡುವ ಕೆಲಸವನ್ನು ಬಡಾವಣೆಯ ಜನರೇ ಹೊತ್ತು ನಡೆಸುವುದಾದರೆ ಅದಕ್ಕೆ ಅನುದಾನ. ಆರು ತಿಂಗಳ ನಂತರ ಹೆಡ್ ಆಫೀಸಿನಿಂದ ತಪಾಸಣೆ. ಪಾಸಾದರೆ ಯೋಜನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಕಟ್ಟಿದ್ದನ್ನು ಕಿತ್ತು ಜಾಗ ಖಾಲಿ ಮಾಡಬೇಕು.

ನಮ್ಮ ವಾರ್ಡಿನಿಂದ ಆಯ್ಕೆಯಾದದ್ದು ಒಂದೇ ಅರ್ಜಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಚಾಳಿನದು. ಅಲ್ಲಿ ಶಾಂತವ್ವ ಎಂಬವರು ನಾಲ್ವರು ಹೆಂಗಸರನ್ನು ಸೇರಿಸಿಕೊಂಡು ಖಾನಾವಳಿ ನಡೆಸುತ್ತಿದ್ದರು. ಚಾಳಿನ ಹಸಿ ಕಸದಿಂದ ಅಡುಗೆಗೆ ಗ್ಯಾಸ್ ಕೊಡುವ ಬಯೋಗ್ಯಾಸ್ ಟ್ಯಾಂಕ್ ಅವರಿಗೆ ಬೇಕಿತ್ತು. ಅದಕ್ಕಾಗಿ ಹದಿನಾಲ್ಕು ಮನೆಯವರು ಬೈಕು ನಿಲ್ಲಿಸುತ್ತಿದ್ದ ಮೂಲೆಯನ್ನು ಶಾಂತವ್ವ ಅವರ ಕೈಕಾಲು ಹಿಡಿದು ಬಿಡಿಸಿಕೊಂಡಿದ್ದರು. ಟ್ಯಾಂಕ್ ಕೆಟ್ಟರೆ ಒಲೆಯೂ ಹೋಗುತ್ತಿತ್ತು, ಚಾಳಿನಲ್ಲಿ ಅವರ ಮಾತಿಗಿದ್ದ ಬೆಲೆಯೂ ಹೋಗುತ್ತಿತ್ತು.

ಗೋರೆಗಾಂವ್ ಕಡೆಯ ಎಮ್ಮೆ ತಬೇಲಾದಿಂದ ಸೆಗಣಿ ತಂದು ಟ್ಯಾಂಕ್ ಶುರುಮಾಡಿದೆವು. ಸೆಗಣಿಯಲ್ಲಿರುವ ಬ್ಯಾಕ್ಟೀರಿಯಾ ಕಸವನ್ನು ಜೀರ್ಣಿಸಿ ಗ್ಯಾಸ್ ಮಾಡುತ್ತವೆ. ಇದನ್ನು ತಿಳಿಸಲು ಹೋಗಿ ನಾನು ಜಾಣತನ ಮಾಡಿದೆ. "ಇದು ಎಮ್ಮಿ ಹೊಟ್ಟಿ ಇದ್ದಂಗ ಅಂತ ತಿಳೀರಿ. ಚಲೋತ್ನಂಗ ಉಣಿಸ್ರಿ, ಚಲೋತ್ನಂಗ ಕೊಡ್ತದ" ಎಂದುಬಿಟ್ಟೆ. ದಿನಕ್ಕೆ ಇಪ್ಪತ್ತೇ ಕಿಲೋ ಕಸ ಎಂಬ ಮುಖ್ಯ ಮಾತನ್ನು ಮಾತ್ರ ಮರಾಠಿ, ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದೆ. ಅದನ್ನು ಯಾರೂ ಓದಲಿಲ್ಲ. ಹೆಂಗಸರು ಟ್ಯಾಂಕಿಗೆ ಗೌರಿ ಎಂದು ಹೆಸರಿಟ್ಟು ಪ್ರೀತಿಯಿಂದ ನೋಡಿಕೊಂಡರು.

ಐದೂವರೆ ತಿಂಗಳು ಒಲೆ ಚೆನ್ನಾಗಿ ಉರಿಯಿತು. ಜೂನ್ ತಿಂಗಳಲ್ಲಿ, ತಪಾಸಣೆಗೆ ಐದು ದಿನ ಇದ್ದಾಗ, ಒಮ್ಮೆ ನೋಡಿ ಬರೋಣವೆಂದು ಹೋದೆ. ಶಾಂತವ್ವ ಕಡ್ಡಿ ಗೀರಿದರು. ಬೆಂಕಿ ಭಗ್ ಎಂದು ಹೊತ್ತಿ ಆರಿತು. ಟ್ಯಾಂಕಿನಿಂದ ಹುಳಿ ವಾಸನೆ ಬರುತ್ತಿತ್ತು.

"ಏನು ಹಾಕಿದ್ರಿ ಇದಕ್ಕ?"

"ಮೊನ್ನೆ ಕಾರಹುಣ್ಣಿವಿ ಇತ್ತಲ್ರಿ ಸಾಹೇಬ್ರ. ಊರಾಗ ಇದ್ದಿದ್ರ ಎತ್ತಿನ ಕೋಡಿಗೆ ಬಣ್ಣಾ ಹಚ್ಚಿ ಹೋಳಿಗಿ ತಿನಸ್ತಿದ್ವಿ. ಇಲ್ಲಿ ಗೌರಿ ಬಿಟ್ರ ನಮಗ ಯಾ ದನಾ ಐತ್ರಿ? ಎಲ್ಲಾರ ಮನಿಂದೂ ಹೋಳಿಗಿ, ಕಡಬು, ಅನ್ನಾ ತಂದು ಹಾಕಿದ್ವಿ. ಇನ್ಸ್‌ಪೆಕ್ಷನ್ನಿಗೆ ಗ್ಯಾಸೂ ಜಾಸ್ತಿ ಬರ್ತೈತಿ ಅಂದ್ಕೊಂಡ್ವಿ."

"ಎಷ್ಟು?"

"ಆರು ಬಕೀಟ್ ಆಗಿರಬೇಕ್ರಿ."

ಇಪ್ಪತ್ತು ಕಿಲೋದ ಮಿತಿಗೆ ಅದು ಮೂರು ನಾಲ್ಕು ಪಟ್ಟು. ಸಿಹಿ ಮತ್ತು ಅನ್ನ ಒಮ್ಮೆಲೇ ಬಿದ್ದರೆ ಟ್ಯಾಂಕಿನಲ್ಲಿ ಆಮ್ಲ ಹೆಚ್ಚಿ, ಉರಿಯುವ ಗ್ಯಾಸ್ ನಿಂತುಹೋಗುತ್ತದೆ. ಪಿಎಚ್ ಕಾಗದ ಅದ್ದಿ ನೋಡಿದೆ. ಹಸಿರಾಗಬೇಕಾದದ್ದು ಕಿತ್ತಳೆ ಬಣ್ಣಕ್ಕೆ ತಿರುಗಿತು. ಪರಿಚಯದ ಪ್ರೊಫೆಸರರಿಗೆ ಫೋನು ಮಾಡಿದರೆ, ಸರಿಹೋಗಲು ಹತ್ತು ಹನ್ನೆರಡು ದಿನ ಬೇಕು ಎಂದರು.

ವಿಷಯ ಕೇಳಿದ ಶಾಂತವ್ವ ಟ್ಯಾಂಕಿನ ಬಾಯಿಗೆ ಮುಚ್ಚಳ ಹಾಕಿದರು. ಆಮೇಲೆ ಹೇಳಿದರು, "ಹಂಗಂದ್ರ ಎಮ್ಮಿ ಜ್ವಾಳದ ಚೀಲಕ್ಕ ಬಾಯಿ ಹಾಕಿದಂಗ ಆಗೈತಿ. ಉಪಾಸ ಕೆಡವಬೇಕ್ರಿ." ಕಸ ಹಾಕುವುದನ್ನು ನಿಲ್ಲಿಸಿದರು. ದಿನಾ ಊರಿನ ಎಮ್ಮೆಗೆ ಕುಡಿಸುವಂತೆ ಸ್ವಲ್ಪ ಸುಣ್ಣದ ತಿಳಿನೀರು, ಜೊತೆಗೆ ತಬೇಲಾದಿಂದ ಹೊಸ ಸೆಗಣಿ. ಪಿಎಚ್ ಕಾಗದದ ಕಟ್ಟನ್ನು ನನ್ನ ಕೈಯಿಂದ ಇಸಿದುಕೊಂಡರು.

ಆ ಐದು ದಿನಗಳಲ್ಲಿ ಒಂದು ಬೆಳಿಗ್ಗೆ ಯೋಚನೆಯಲ್ಲಿ ಅಂಧೇರಿಯಲ್ಲಿ ಇಳಿಯುವುದನ್ನೇ ಮರೆತು ಬಾಂದ್ರಾವರೆಗೆ ಹೋಗಿ ವಾಪಸಾದೆ. ತಪ್ಪು ಅವರದಲ್ಲ, ನನ್ನ ಎಮ್ಮೆ ಹೊಟ್ಟೆಯ ಉಪನ್ಯಾಸದ್ದು ಎಂಬುದು ನನಗೆ ಗೊತ್ತಿತ್ತು. ಇಂಥ ಹೊತ್ತಿನಲ್ಲಿ ಟ್ಯಾಂಕ್ ಕಟ್ಟಿದ ಕಂಟ್ರಾಕ್ಟರ್ ಸಲಹೆ ಕೊಟ್ಟ. ಗೋಡೆಯ ಹಿಂದೆ ಸಿಲಿಂಡರ್ ಇಟ್ಟು ಒಲೆಗೆ ಪೈಪು ಜೋಡಿಸಿದರಾಯಿತು, ಐದು ನಿಮಿಷದ ಮಾತು ಎಂದ. ಬೇಡ ಎನ್ನಬೇಕಿತ್ತು. "ತಯಾರಿಟ್ಟಿರು" ಎಂದೆ. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ತಪಾಸಣೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಶಾಂತವ್ವ ಆ ಪೈಪನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು.

"ಸಾಹೇಬ್ರ, ನಮ್ಮೆಮ್ಮಿ ಬ್ಯಾನಿ ಬಿದ್ದೈತಂತ ಮಗ್ಗಲ ಮನಿ ಎಮ್ಮಿ ಹಿಂಡಿ ತೋರಿಸಿದ್ರ, ನಾಳೆ ಹಾಲಿಗೆ ಏನ್ ಮಾಡೂದ್ರಿ?"

"ಫೇಲ್ ಮಾಡಿದ್ರ ಜಾಗಾ ಹೋಗ್ತದ ಶಾಂತವ್ವಾ."

"ಸುಳ್ಳು ಹೇಳಿ ಉಳಿಸ್ಕೊಂಡ್ರ ನಾಳೆ ಆ ಹದಿನಾಲ್ಕು ಮನಿಯಾವ್ರಿಗೆ ನಾ ಹೆಂಗ ಮಾರಿ ತೋರಸ್ಲಿ?"

ಅಷ್ಟರಲ್ಲಿ ಹೆಡ್ ಆಫೀಸಿನಿಂದ ತಪಾಸಣೆಯ ಮೇಡಂ ಬಂದೇ ಬಿಟ್ಟರು. ಒಲೆ ಹಚ್ಚಲು ಹೇಳಿದರು. ಮೂರು ಕಡ್ಡಿ ಗೀರಿದರೂ ಬೆಂಕಿ ನಿಲ್ಲಲಿಲ್ಲ. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಆಗ ಶಾಂತವ್ವ ತಮ್ಮ ಕನ್ನಡ ಬೆರೆತ ಹಿಂದಿಯಲ್ಲಿ ಹೋಳಿಗೆಯಿಂದ ಹಿಡಿದು ಸುಣ್ಣದ ನೀರಿನವರೆಗೆ ಎಲ್ಲವನ್ನೂ ಹೇಳಿ, ಗೋಡೆಯತ್ತ ಕೈ ತೋರಿಸಿದರು. ನಾನು ಅಂಟಿಸಿದ್ದ ಸೂಚನಾಪತ್ರದ ಮೇಲೆಯೇ ಐದು ದಿನದ ಪಿಎಚ್ ಕಾಗದಗಳನ್ನು ಸಾಲಾಗಿ ಅಂಟಿಸಿದ್ದರು. ಮೊದಲನೆಯದು ಕಿತ್ತಳೆ, ಕೊನೆಯದು ಹಳದಿ, ಅದರ ಅಂಚಿನಲ್ಲಿ ತುಸು ಹಸಿರು.

ಮೇಡಂ ಅದನ್ನೇ ನೋಡುತ್ತ ನಿಂತರು. ಆಮೇಲೆ ನನ್ನನ್ನು ಕೇಳಿದರು, "ಈ ಚಿಕಿತ್ಸೆ ಇವರಿಗೆ ಯಾರು ಹೇಳಿಕೊಟ್ಟದ್ದು?"

"ಯಾರೂ ಇಲ್ಲ ಮೇಡಂ."

"ಬೇರೆ ವಾರ್ಡುಗಳಲ್ಲಿ ನಾಲ್ಕು ಕಡೆ ಒಳ್ಳೆ ಬೆಂಕಿ ನೋಡಿ ಬಂದೆ. ಕೆಟ್ಟರೆ ಏನು ಮಾಡುತ್ತೀರಿ ಎಂದರೆ ಎಲ್ಲರೂ ಕಂಟ್ರಾಕ್ಟರ್ ನಂಬರ್ ಕೊಟ್ಟರು." ಹತ್ತು ದಿನ ಬಿಟ್ಟು ಮರುತಪಾಸಣೆ ಎಂದು ಬರೆದು ಹೋದರು.

ಅಂದರೆ ನನಗೆ ಮತ್ತೆ ಹತ್ತು ದಿನ ಆತಂಕ. ಎಂಟನೆಯ ದಿನ ಶಾಂತವ್ವನ ಫೋನು ಬಂತು. "ಗೌರಿ ಹಸಿರಾಗ್ಯಾಳ್ರಿ, ಒಲಿ ನೀಲಿ ಉರೀಲಾಕತ್ತೈತಿ!" ಲೋಕಲ್‌ನ ನೂಕುನುಗ್ಗಲಿನಲ್ಲೇ ನನ್ನ ಕಣ್ಣು ತುಂಬಿತು. ಮರುತಪಾಸಣೆ ಪಾಸಾಯಿತು. ಅರ್ಜಿಯಲ್ಲಿ ನಿರ್ವಹಣೆಯ ಹೊಣೆ ಎಂಬ ಕಾಲಮ್ಮಿನಲ್ಲಿ ನಾನು ಬರೆದಿದ್ದ ಕಂಟ್ರಾಕ್ಟರ್ ಹೆಸರನ್ನು ಹೊಡೆದುಹಾಕಿ ಶಾಂತವ್ವನ ಹೆಸರು ಬರೆದೆ. ಮೂವತ್ತು ವರ್ಷ ನಾನು ಕಾಮಗಾರಿ ನಡೆಯುತ್ತಿದೆಯೇ ಎಂದಷ್ಟೇ ನೋಡಿದ್ದೆ. ನಿಂತಾಗ ಎಬ್ಬಿಸುವವರು ಯಾರು ಎಂದು ಕೇಳುವುದನ್ನು ಕಲಿತದ್ದು ಆ ಚಾಳಿನಲ್ಲಿ.

ಮರುವರ್ಷದ ಕಾರಹುಣ್ಣಿವಿಗೆ ಶಾಂತವ್ವ ಊಟಕ್ಕೆ ಕರೆದರು. ಗೌರಿಯ ಮುಚ್ಚಳಕ್ಕೆ ಬಣ್ಣ, ಅರಿಸಿನ ಕುಂಕುಮ ಎಲ್ಲ ಆಗಿತ್ತು. ಹೊಟ್ಟೆಗೆ ಮಾತ್ರ ನಿತ್ಯದ ಇಪ್ಪತ್ತು ಕಿಲೋ. ಹೋಳಿಗೆಯೆಲ್ಲ ನನ್ನ ಎಲೆಗೆ ಬಂತು. ಮೂರನೆಯದಕ್ಕೆ ಕೈ ಅಡ್ಡ ಹಿಡಿದು, ಸಾಕು ಎಂದೆ.

"ನೀವು ಸಾಕಂತ ಬಾಯಿ ಬಿಟ್ಟು ಹೇಳ್ತೀರಿ ಸಾಹೇಬ್ರ," ಎಂದರು ಶಾಂತವ್ವ, ನಾಲ್ಕನೆಯದನ್ನೂ ಹಾಕುತ್ತ. "ಗೌರಿಗೆ ಬಾಯಿಲ್ಲ. ಅಕಿಗೆ ಸಾಕಾಗಿದ್ದು ನಾವ ತಿಳ್ಕೋಬೇಕು."