ಕೈಗೆ ಹಾಕುವ ತಾಟು

ರೊಟ್ಟಿ ಕಾಕುವಿನ ಬಲ ಅಂಗೈಯಲ್ಲಿ ಗೆರೆಗಳು ಸವೆದುಹೋಗಿದ್ದವು. ಡೊಂಬಿವಲಿ ಪೂರ್ವದ ನಮ್ಮ ಚಾಳು, ಎರಡನೆಯ ಮಾಳಿಗೆಯ ಉದ್ದನೆಯ ಪಡಸಾಲೆ, ಸಂಜೆಯ ಹೊತ್ತು. ನಮ್ಮ ಅಮ್ಮ ಅಲಸಂಡೆ ಮುರಿಯುತ್ತ ಕೂತಿದ್ದರು. ಕಾಕುವಿನ ಗಂಡ, ಚಾಳಿಗೆಲ್ಲ ಕಾಕಾ, ಸ್ಟೂಲಿನ ಮೇಲೆ ಕೆಮ್ಮುತ್ತ ನಿನ್ನೆಯ ಪೇಪರ್ ಓದುತ್ತಿದ್ದರು. ಅವರ ಮಗಳು ಬಾಗಿಲಿಗೆ ಒರಗಿ ಹನ್ನೆರಡನೆಯ ತರಗತಿಯ ರಸಾಯನಶಾಸ್ತ್ರ ಬಾಯಿಪಾಠ ಮಾಡುತ್ತಿದ್ದಳು. ಠಾಣೆ ಪಟ್ಟಣದ ಆಫೀಸಿನಿಂದ ಆಗಷ್ಟೇ ಬಂದ ನಾನು ಬೂಟು ಬಿಚ್ಚುತ್ತಿದ್ದೆ. ಕೈ ನೋಡಿ ಭವಿಷ್ಯ ಹೇಳುವ ಹುಚ್ಚಿದ್ದ ಎದುರು ಖೋಲಿಯ ಮರಾಠಿ ಅಜ್ಜಿ, ಕಾಕುವಿನ ಕೈಯನ್ನು ಬಲ್ಬಿನ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಕಾಹೀಚ್ ದಿಸತ್ ನಾಹೀ ಗ" ಎಂದು ಬಿಟ್ಟರು. ಏನೂ ಕಾಣದ ಆ ಕೈಯನ್ನು ಕಾಕು ಸೆರಗಿಗೆ ಒರೆಸಿಕೊಂಡರು.

"ಎಲ್ಲಿಂದ ಕಾಣಬೇಕ್ರೀ? ನನ್ನ ನಸೀಬ ಅಷ್ಟೂ ರೊಟ್ಟಿಗೆ ಹತ್ತೇತಿ. ಮಂದಿ ತಿಂದು ಮುಗಿಸ್ಯಾರ!"

ಅವರು ಬಿಜಾಪುರದ ಕಡೆಯವರು. ಕಾಕಾ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ದುಡಿದು, ಎದೆ ಕೆಡಿಸಿಕೊಂಡು ಮನೆ ಸೇರಿದ ಮೇಲೆ ಆ ಸಂಸಾರ ನಿಂತದ್ದು ಈ ಅಂಗೈ ಮೇಲೆ. ಒಂಟಿಯಾಗಿ ಖೋಲಿ ಹಿಡಿದಿದ್ದ ಬ್ಯಾಂಕಿನ ಹುಡುಗರು, ಕಲ್ಯಾಣದ ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟ ನಮ್ಮ ಕಡೆಯ ವ್ಯಾಪಾರಿಗಳು, ಎಲ್ಲರಿಗೂ ಕಾಕುವಿನ ಜೋಳದ ರೊಟ್ಟಿಯೇ. ಬೆಳಿಗ್ಗೆ ಗೋಡೆಯಾಚೆಯಿಂದ ಪಟಪಟ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಗಡಿಯಾರ ನೋಡುವ ಅಗತ್ಯವಿರಲಿಲ್ಲ.

ನಮ್ಮ ಮನೆಮಾತು ತುಳು, ನಾನು ಓದಿದ್ದು ಮರಾಠಿ ಶಾಲೆ. ಕನ್ನಡ ಅಂತ ನನಗೇನಾದರೂ ಬಂದಿದ್ದರೆ ಅದರಲ್ಲಿ ಅರ್ಧ ಅಮ್ಮನದು, ಉಳಿದರ್ಧ ಕಾಕುವಿನದು. "ಕಾಕು, ರೊಟ್ಟಿ ಮಾಡಿ ಆಯ್ತಾ?" ಎಂದು ಕೇಳಿದರೆ ಕೈ ನಿಲ್ಲಿಸದೆಯೇ ತಿದ್ದುತ್ತಿದ್ದರು. "ಮಾಡಾಕ ಅದೇನು ಸಂಸಾರೇನೋ ತಮ್ಮಾ? ರೊಟ್ಟಿ ಬಡೀತಾರ." ಬಡಿಯುವುದೆಂದರೆ ನಮ್ಮ ಕಡೆ ಹೊಡೆಯುವುದು. ನಾನು ನಕ್ಕರೆ, "ಹೂಂ, ಹೊಡದ್ರನ ದೊಡ್ಡದಾಗತೈತಿ. ನಿಮ್ಮ ಅಮ್ಮ ನಿನಗ ಹೊಡೀಲಿಲ್ಲ, ಅದಕ್ಕ ಹಿಂಗ ಸಣ್ಣಾಗೀದಿ" ಎನ್ನುತ್ತಿದ್ದರು.

ಮಗಳನ್ನು ಮಾತ್ರ ಒಲೆಯ ಹತ್ತಿರ ಬಿಟ್ಟವರಲ್ಲ. ಅವಳು ಹಿಟ್ಟಿನ ಪರಾತಕ್ಕೆ ಕೈ ಚಾಚಿದರೆ ಲಟ್ಟಣಿಗೆ ಎತ್ತುತ್ತಿದ್ದರು. "ಈ ಮನ್ಯಾಗ ಒಂದು ಕೈ ಸವದದ್ದು ಸಾಕು. ನಮಗ ಔಷಧ ಕೊಳ್ಳೋರು ಭಾಳ ಮಂದಿ ಆದ್ರು, ಕೊಡೋರು ಒಬ್ರರ ಆಗಲಿ." ಮಗಳು ಫಾರ್ಮಸಿ ಓದಬೇಕೆಂಬುದು ಅವರ ಹಟ. "ಆಯೀ, ಪುರೇ!" ಸಾಕು ಮಾಡೆಂದು ಮಗಳು ಮರಾಠಿಯಲ್ಲಿ ಸಿಡುಕಿದರೂ, ಪುಸ್ತಕ ಕೆಳಗಿಡುತ್ತಿರಲಿಲ್ಲ. ಸೀಟೂ ಸಿಕ್ಕಿತು. ಮೊದಲ ವರ್ಷದ ಫೀಸು ಪೂರ್ತಿ ರೊಟ್ಟಿಯದೇ.

ಆ ಮಳೆಗಾಲದಲ್ಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಮೇಲೆ, ಲೋಕಲ್ ಬಂದ ಗದ್ದಲದಲ್ಲಿ, ಯಾರದೋ ಭುಜ ತಾಗಿ ಕಾಕು ಜಾರಿದರು. ಎಡಗೈಯಲ್ಲಿ ಖಡಕ್ ರೊಟ್ಟಿಯ ಡಬ್ಬಿ ಇತ್ತು. ಅದನ್ನು ಮೇಲೆತ್ತಿ ಹಿಡಿದು ಬಲಗೈ ಊರಿದರು. ನಾವು ಓಡಿಹೋದಾಗ ಮಣಿಕಟ್ಟು ಊದಿ ಬದನೆಕಾಯಿಯಾಗಿತ್ತು. ಕಾಕು ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದರು.

"ಒಂದು ರೊಟ್ಟಿನೂ ಮುರದಿಲ್ಲ ನೋಡು ತಮ್ಮಾ!"

ಸರಕಾರಿ ಆಸ್ಪತ್ರೆಗೆ ಅವರೂ ಕಾಕಾನೂ ಹೋಗಿಬಂದರು. ಕೈಗೆ ಅರ್ಧ ಪ್ಲಾಸ್ಟರು. ಸೋಮವಾರ ಭರ್ತಿಯಾಗಬೇಕು, "ಪ್ಲೇಟ್ ಬಾಹರ್ ಸೇ ಲಾನಾ" ಎಂದು ಡಾಕ್ಟರು ಹೇಳಿದ್ದರಂತೆ, ಪ್ಲೇಟನ್ನು ಹೊರಗಿನಿಂದ ನಾವೇ ತರಬೇಕೆಂದು. ಪಡಸಾಲೆಯಲ್ಲಿ ಸಭೆ ಕೂಡಿತು. ಪ್ಲೇಟೆಂದರೆ ತಾಟು, ಅದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. "ಹೌದು ಮಾರಾಯ್ತಿ, ಇವನ ಅಪೆಂಡಿಕ್ಸಿನ ಹೊತ್ತಿಗೂ ಬಟ್ಟಲು, ಲೋಟ ಎಲ್ಲ ನಾವೇ ಕೊಂಡೋದದ್ದು. ಅಲ್ಲಿ ಅನ್ನ ಮಾತ್ರ ಕೊಡುದು" ಎಂದರು ಅಮ್ಮ. ಮರಾಠಿ ಅಜ್ಜಿಯೂ ತಲೆಯಾಡಿಸಿದರು.

ಸೋಮವಾರ ನಾನು ರಜೆ ಹಾಕಿ ಜೊತೆಗೆ ಹೋದೆ. ವಾರ್ಡಿನಲ್ಲಿ ಡಾಕ್ಟರು ಕಡತ ನೋಡಿ, "ಪ್ಲೇಟ್ ಲಾಯಾ?" ಎಂದರು. ಕಾಕು ಎಡಗೈಯಿಂದ ಚೀಲದೊಳಗೆ ತಡಕಾಡಿ, ಮದುವೆಯಲ್ಲಿ ಬಂದಿದ್ದ, ಹಿಂದುಗಡೆ ಹೆಸರು ಕೊರೆಸಿದ್ದ ಸ್ಟೀಲಿನ ತಾಟು ತೆಗೆದು ತೋರಿಸಿದರು.

"ನಾಮ್ ಭೀ ಲಿಖಾ ಹೈ ಸಾಬ್. ಕೋಯೀ ಚೋರೇಗಾ ನಹೀ."

ಯಾರೂ ಕದಿಯುವುದಿಲ್ಲವೆಂಬ ಆ ಭರವಸೆಗೆ ವಾರ್ಡೇ ನಕ್ಕಿತು. ಮುರಿದ ಕಾಲು ತೂಗುಹಾಕಿಕೊಂಡವರೂ ನಕ್ಕರು, ಡಾಕ್ಟರೂ ನಕ್ಕರು. ಎಲ್ಲರೂ ನಗುತ್ತಾರೆಂದು ಕಾಕೂ ನಕ್ಕರು. ಆಮೇಲೆ ಡಾಕ್ಟರು, ಮುರಿದ ಎಲುಬನ್ನು ಜೋಡಿಸಿ ಹಿಡಿಯಲು ಒಳಗೆ ಕೂರಿಸುವ ಉಕ್ಕಿನ ಪಟ್ಟಿಯ ಹೆಸರೇ ಪ್ಲೇಟ್ ಎಂದು ನನಗೆ ತಿಳಿಸಿ ಹೇಳಿದರು. ಆಸ್ಪತ್ರೆಯಲ್ಲಿ ಅದರ ಸ್ಟಾಕು ಇಲ್ಲ, ಬಂದು ಎಷ್ಟೋ ತಿಂಗಳಾಯಿತು. ಹೊರಗಿನ ಅಂಗಡಿಯಿಂದ ತಂದುಕೊಟ್ಟರೆ ಮುಂದಿನ ಸೋಮವಾರ ಮಾಡುತ್ತಾರೆ. ಇಡೀ ಆಸ್ಪತ್ರೆಗೆ ಎಲುಬಿನ ಡಾಕ್ಟರು ಅವರೊಬ್ಬರೇ, ಅವರಿಗೆ ಟೇಬಲ್ಲು ಸಿಗುವುದು ವಾರಕ್ಕೊಂದು ದಿನ. ಕೆಟ್ಟ ಮನುಷ್ಯನಲ್ಲ. ಹೇಳುವಾಗ ನಮ್ಮ ಮುಖ ನೋಡಲಿಲ್ಲ.

ಆ ಬೆರಳುದ್ದದ ತುಂಡಿಗೆ ಅಂಗಡಿಯವನು ಹೇಳಿದ ರೇಟು ಕೇಳಿ ಕಾಕು ನನ್ನ ಕಡೆ ತಿರುಗಿದರು. "ಇಷ್ಟರಾಗ ನನ್ನ ಮದುವಿ ಭಾಂಡೆ ಎಲ್ಲಾ ಬಂದಿದ್ವಲ್ಲೋ!" ಎರಡು ಬಳೆ ಹೋದವು, ಪ್ಲೇಟು ಬಂತು. ಆದರೆ ಅಷ್ಟರಲ್ಲಿ ಆ ಡಾಕ್ಟರನ್ನು ಬೇರೆಡೆಗೆ ಹಾಕಿದ್ದರು. ಬದಲಿಗೆ ಬಂದವರ ಕಾಲಕ್ಕೆ ಆಪರೇಷನ್ನಿನ ಹೊತ್ತಿನಲ್ಲಿ ಎಲುಬು ತೋರಿಸುವ ಯಂತ್ರ ಕೆಟ್ಟಿತು. ಠಾಣೆಯ ಆಸ್ಪತ್ರೆಗೆ ಹೋಗಿ ಅಂದರು. ಠಾಣೆಯವರು ಮುಂಬಯಿಗೆ ಹೋಗಿ ಅಂದರು. ನಮ್ಮ ಸ್ಟೇಷನ್ ರಸ್ತೆಯಲ್ಲೇ ಗಾಜಿನ ಬಾಗಿಲಿನ ನರ್ಸಿಂಗ್ ಹೋಮ್ ಇತ್ತು. ಅಲ್ಲಿಯಾಗಿದ್ದರೆ ಬಿದ್ದ ಸಂಜೆಯೇ ಮಾಡಿ ಮುಗಿಸುತ್ತಿದ್ದರು. ಅದರ ಮುಂದೆ ನಡೆದೇ ನಾವು ಪ್ರತಿ ಸಲ ಲೋಕಲ್ ಹಿಡಿಯಲು ಹೋಗುತ್ತಿದ್ದೆವು.

ಮುಂಬಯಿಯ ದೊಡ್ಡಾಸ್ಪತ್ರೆಗೆ ತಲುಪುವ ಹೊತ್ತಿಗೆ ಎಲುಬು ತನಗೆ ತಿಳಿದ ಹಾಗೆ ಕೂಡಿಕೊಂಡು ಡೊಂಕಾಗಿಬಿಟ್ಟಿತ್ತು. ಅಲ್ಲಿನ ಹಿರಿಯ ಡಾಕ್ಟರು ಕಲಿಯುವ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು, ಕಾಕುವಿನ ಕೈಯನ್ನು ಅಡ್ಡ ಹಿಡಿದು, ಡಿನ್ನರ್ ಫೋರ್ಕ್ ಎಂದು ಇಂಗ್ಲಿಷಿನಲ್ಲಿ ಪಾಠ ಮಾಡಿದರು. ಮತ್ತೆ ಮುರಿದು ಕೂಡಿಸಬೇಕು, ತಾರೀಖು ಆರು ತಿಂಗಳ ಮೇಲೆ, ಬೆರಳ ಬಲ ಪೂರ್ತಿ ಬರುವ ಗ್ಯಾರಂಟಿ ಇಲ್ಲ. ಹೊರಗೆ ಬಂದಾಗ ಕಾಕು ಕೇಳಿದರು.

"ಅವ್ರೇನಂದ್ರು, ಫೋರ್ಕಂದ್ರ?"

"ಕಾಂಟಾ ಚಮಚ, ಕಾಕು. ಕೈ ಹಾಗೆ ಬಾಗಿದೆಯಂತೆ."

"ಮೊದಲು ತಾಟು ಕೇಳಿದ್ರು. ಈಗ ಚಮಚ ಅಂತಾರ. ಊಟ ಒಂದು ಇಲ್ಲ ನೋಡು."

ಆ ತಾರೀಖಿಗೆ ಅವರು ಹೋಗಲಿಲ್ಲ. ಹೋದರೆ ಮತ್ತೆ ಮೂರು ತಿಂಗಳು ಕೈ ಕಟ್ಟಿಕೊಂಡು ಕೂರಬೇಕು. ಕೂತವರಿಗೆ ಉಣ್ಣಲು ಯಾರು ಹಾಕುತ್ತಾರೆ? ಎಡಗೈಯಲ್ಲಿ ಬಡಿಯಲು ನೋಡಿದರು. ಹಿಟ್ಟು ಒಂದು ಕಡೆ ಹಿಗ್ಗಿ, ಒಂದು ಕಡೆ ಹರಿಯುತ್ತಿತ್ತು. "ಇಲ್ಲಿ ಬೆಳಗಾವಿ, ಇಲ್ಲಿ ಬಿಜಾಪುರ, ನಡುವ ಹರದದ್ದು ಕೃಷ್ಣಾ ಹೊಳಿ" ಎಂದು ನನಗೆ ನಕಾಶೆ ತೋರಿಸಿದರು. ನಕ್ಕೆ. ಬ್ಯಾಂಕಿನ ಹುಡುಗರೂ ನಕ್ಕು ಎರಡು ವಾರ ತಿಂದರು. ಆಮೇಲೆ ಒಬ್ಬೊಬ್ಬರಾಗಿ, ಬಹಳ ಮರ್ಯಾದೆಯಿಂದಲೇ, ಮೆಸ್ಸಿಗೆ ಹೇಳಿಕೊಂಡರು. ಗೋಡೆಯಾಚೆಯ ಸದ್ದು ನಿಂತಿತು. ಕಾಕಾನ ಎದೆಯ ಗುಳಿಗೆ ದಿನಕ್ಕೆರಡು ಇದ್ದದ್ದು ಒಂದಾಯಿತು. ಹೆಚ್ಚಾದದ್ದು ಕೆಮ್ಮು ಮಾತ್ರ.

ಒಮ್ಮೆ ಯಾರೋ, ಆಪರೇಷನ್ ಎಂದರೆ ಬಡವರಿಗೆ ದುಬಾರಿ ಅಲ್ಲವೇ ಎಂದು ಮರುಕಪಟ್ಟರು. ಕಾಕು ರೇಗಿಬಿಟ್ಟರು. "ಕೈ ನೆಟ್ಟಗ ಮಾಡೋದು ತುಟ್ಟಿ ಅಂತ ಎಲ್ಲಾರೂ ಅಂತೀರಿ. ಡೊಂಕ ಕೈ ಸಾಕೋದು ಎಷ್ಟು ತುಟ್ಟಿ ಅಂತ ಯಾರರ ಕೇಳೀರೇನು?"

ನಾನು ಆಮೇಲೆ ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ. ಇದಕ್ಕೆ ಉತ್ತರ ಇನ್ನೂ ಕೇಳಿಲ್ಲ.

ಮಗಳು ಎರಡನೆಯ ವರ್ಷದ ಫೀಸು ಕಟ್ಟಲಿಲ್ಲ. ಠಾಣೆಯ ಮಾಲೊಂದರಲ್ಲಿ ಬಿಲ್ಲು ಮಾಡುವ ಕೆಲಸ ಹಿಡಿದಳು. "ಫಕ್ತ ಏಕ್ ವರ್ಷ, ಆಯೀ. ಗ್ಯಾಪ್" ಎಂದಳಂತೆ. ಕಾಕು ಪಡಸಾಲೆಗೆ ಬಂದು ನನ್ನನ್ನು ಕೇಳಿದರು.

"ಗ್ಯಾಪಂದ್ರೇನೋ ತಮ್ಮಾ?"

"ನಡುವಿನ ಸಂದು, ಕಾಕು."

"ಟೇಶನ್ನಿನ ಫಲಾಟಿಗೂ ಗಾಡಿಗೂ ನಡುವ ಇರತೈತಲ್ಲ, ಅದು?" ಎಂದರು. "ಅದರಾಗ ಬಿದ್ದದ್ದು ಹೊಳ್ಳಿ ಬಂದದ್ದು ನೋಡೀಯೇನು?"

ನಾನು ಏನೋ ಸಮಾಧಾನ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಆ ವರ್ಷದಿಂದ ನನ್ನ ಕನ್ನಡ ತಿದ್ದುವುದನ್ನೂ ಬಿಟ್ಟರು. ತಪ್ಪು ಮಾತಾಡಿದರೂ ಸುಮ್ಮನೆ ಹೂಂಗುಡುತ್ತಿದ್ದರು. ಅದರಿಂದ ನನಗೆ ಹೆಚ್ಚು ನೋವಾಯಿತು.

ಐದಾರು ವರ್ಷಗಳ ಮೇಲೆ, ಕಾಕಾ ಇನ್ನೂ ಕೆಮ್ಮುತ್ತಿರುವಾಗಲೇ, ಒಂದು ಮಧ್ಯಾಹ್ನ ಮಲಗಿದಲ್ಲೇ ಕಾಕು ಹೋದರು. ಮೂರನೆಯ ದಿನ ಎಡೆಗೆ ಸತ್ತವರ ಇಷ್ಟದ್ದನ್ನು ಇಡಬೇಕು. ಇಷ್ಟದ್ದು ರೊಟ್ಟಿ. ನಮ್ಮ ಅಮ್ಮನಿಗೆ ಜೋಳದ ರೊಟ್ಟಿ ಬರುತ್ತಿರಲಿಲ್ಲ, ಮಗಳಿಗೆ ಕಲಿಯಗೊಟ್ಟಿರಲಿಲ್ಲ. ಅವಳು ತನ್ನ ಮಾಲಿನಿಂದ, ಸ್ಟಾಫಿಗೆ ಕೊಡುವ ರಿಯಾಯಿತಿಯಲ್ಲಿ, ಒಂದು ಪ್ಯಾಕೆಟ್ ರೊಟ್ಟಿ ತಂದಳು. ಯಂತ್ರದ್ದು, ಎಲ್ಲವೂ ಒಂದೇ ದುಂಡು. ಎಡೆ ಇಟ್ಟು, ಕೈಮುಗಿದು, ಅವಳು ಎರಡು ಗಂಟೆಯ ಶಿಫ್ಟಿಗೆ ಹೋದಳು.